ಕಲೆಯಿಲ್ಲದ ಗಾಜು

ನನ್ನ ಗಂಡನ ಹೆಸರು ಸುಶಮೀಂದ್ರ. ಇವರಿಗೆ ಗಾಜಿನ ಮೇಲೆ ಕಲೆ ಕಂಡರೆ ಆಗುವುದಿಲ್ಲ. ಮದ್ರಾಸಿನ ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಇವರ ಕೆಲಸವೇ ಅದು. ಬಸ್ಸು, ಲಾರಿಗಳ ಮುಂದಿನ ಗಾಜನ್ನು ಟ್ಯೂಬ್‌ಲೈಟಿನ ಎದುರು ನಿಲ್ಲಿಸಿ ಗುಳ್ಳೆ, ಗೀರು, ಬೆರಳಚ್ಚು ಹುಡುಕಬೇಕು. ಸಿಕ್ಕರೆ ರಿಜೆಕ್ಟ್ ಎಂದು ಕೆಂಪು ಚೀಟಿ ಅಂಟಿಸಬೇಕು. ಹೆಣ್ಣು ನೋಡಲು ಟ್ರಿಪ್ಲಿಕೇನಿನ ನಮ್ಮ ಮನೆಗೆ ಬಂದ ದಿನ, ನನ್ನನ್ನು ನೋಡುವ ಮೊದಲು ಎದ್ದು ಹೋಗಿ ಗೋಡೆಯ ಮೇಲಿದ್ದ ರಾಯರ ಪಟದ ಗಾಜನ್ನು ಕರ್ಚೀಫಿನಿಂದ ಒರೆಸಿದ್ದರು. ಎಷ್ಟು ಭಕ್ತಿ ಹುಡುಗನಿಗೆ ಎಂದು ನಮ್ಮಪ್ಪ ಹಿಗ್ಗಿದರು. ಅದು ಭಕ್ತಿಯಲ್ಲ, ಎಣ್ಣೆ ಜಿಡ್ಡಿನ ಮೇಲಿನ ಸಿಟ್ಟು ಎಂದು ನನಗೆ ತಿಳಿಯುವ ಹೊತ್ತಿಗೆ ಮದುವೆ ಆಗಿಹೋಗಿತ್ತು.

ಇಂಥವರ ಮನೆಗೆ ಕಳೆದ ಫೆಬ್ರವರಿಯಲ್ಲಿ ಒಂದು ವಾಟರ್ ಡ್ರ್ಯಾಗನ್ ಬಂತು. ಪ್ಲಸ್ ಒನ್, ಅಂದರೆ ಹನ್ನೊಂದನೇ ಕ್ಲಾಸು, ಓದುವ ನಮ್ಮ ಮಗಳು ಅಕ್ಷಯಾಳ ಸಹಪಾಠಿ ರಜತ್‌ನ ಅಪ್ಪನಿಗೆ ಪುಣೆಗೆ ವರ್ಗವಾಗಿತ್ತು. ಸಾಕಿದ ಪ್ರಾಣಿಯನ್ನು ಕೊಂಡೊಯ್ಯಲಾಗದೆ ಅವನು ಅದನ್ನೂ ಅದರ ನೋಂದಣಿ ಕಾಗದಗಳನ್ನೂ ಇವಳ ಕೈಗೆ ಕೊಟ್ಟು ರೈಲು ಹತ್ತಿದ. ನೋಡಲು ಬೇಲಿಯ ಮೇಲಿನ ಓತಿಕ್ಯಾತದ ಹಾಗೇ, ಆದರೆ ಎಳೆ ಸೊಪ್ಪಿನ ಬಣ್ಣ, ಮೊಳಕ್ಕಿಂತ ಉದ್ದದ ಬಾಲ. ಮಗಳು ಅದಕ್ಕೆ ಕೀರೈ, ಅಂದರೆ ಸೊಪ್ಪು, ಎಂದು ತಮಿಳಿನಲ್ಲೇ ಹೆಸರಿಟ್ಟಳು. ನಮ್ಮತ್ತೆ ಅಂಬುಜಮ್ಮ ಇವತ್ತಿಗೂ ಓತಿಕ್ಯಾತ ಎಂದೇ ಕರೆಯುತ್ತಾರೆ. ನಲವತ್ತು ವರ್ಷ ಅಡಿಗೆಮನೆಯಿಂದ ಜಿರಳೆ ಓಡಿಸಿದ್ದಾಯಿತು, ಈಗ ಇದರ ಊಟಕ್ಕೆಂದು ಡಬ್ಬಿಯಲ್ಲಿ ಜಿರಳೆ ತರಿಸುವ ಕಾಲ ಬಂತು ಎಂದು ಹಣೆ ಚಚ್ಚಿಕೊಂಡರು.

ಅದು ಬಂದ ತೊಟ್ಟಿ ಚಿಕ್ಕದಾಗಿತ್ತು. ಬೆಳೆದರೆ ಮೂರಡಿ ಆಗುತ್ತದೆ, ಮರ ಹತ್ತುತ್ತದೆ, ನೀರಿಗೆ ಧುಮುಕುತ್ತದೆ, ಎತ್ತರದ ಗೂಡು ಬೇಕು ಎಂದು ಮಗಳು ಅಪ್ಪನನ್ನು ಕೇಳಿದಳು. ಬೇರೆ ಯಾರನ್ನಾದರೂ ಕೇಳಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿತ್ತು. ಇವರು ಗ್ರಾಫ್ ಹಾಳೆ ತಂದರು.

ಮೂರು ತಿಂಗಳು ಹಿಡಿಯಿತು. ಅಷ್ಟು ದಿನವೂ ಕೀರೈ ನಮ್ಮ ಎರಡನೇ ಬಚ್ಚಲುಮನೆಯಲ್ಲಿ ಸುಖವಾಗಿತ್ತು. ನಾವು ನಾಲ್ಕು ಜನ, ಅದರಲ್ಲೊಬ್ಬರು ಮಡಿಯವರು, ಉಳಿದ ಒಂದೇ ಬಚ್ಚಲಿಗೆ ಬೆಳಿಗ್ಗೆ ಸರತಿ ನಿಂತೆವು. ಪೋರೂರಿನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಆರಡಿ ಎತ್ತರದ ಚೌಕಟ್ಟು ಎದ್ದಿತು. ಜಾಗ ಸಾಲದೆ ನನ್ನ ಸೋಫಾ ಬಾಲ್ಕನಿಗೆ ಹೋಯಿತು. ಒಳಗೆ ಸೀಬೆ ಮರದ ಕೊಂಬೆಗಳು, ಕೆಳಗೆ ನೀರಿನ ಟಬ್ಬು, ಮೇಲೆ ಬಿಸಿಲಿನ ಬದಲಿಗೆ ಒಂದು ಟ್ಯೂಬು, ಸಾಲದ್ದಕ್ಕೆ ಮೈ ಕಾಯಿಸಿಕೊಳ್ಳಲು ಒಂದು ದೀಪ. ಮೇ ತಿಂಗಳ ಮದ್ರಾಸಿನಲ್ಲಿ, ನಾನು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ನಿಂತಿರುವಾಗ, ಇವರು ಥರ್ಮಾಮೀಟರು ಹಿಡಿದು ಇನ್ನೂ ಎರಡು ಡಿಗ್ರಿ ಬೇಕು ಎಂದರು. ಕೀರೈ ಆ ಟಬ್ಬಿನಲ್ಲೇ ಕುಡಿದು ಅದರಲ್ಲೇ ಹೇಲುತ್ತಿದ್ದರಿಂದ ದಿನಾ ನೀರು ಬದಲಿಸಬೇಕು. ಟ್ಯಾಂಕರ್ ಲಾರಿಯ ನೀರನ್ನು ಚೊಂಬಿನಲ್ಲಿ ಅಳೆದು ಬಳಸುವ ನನಗೆ ಹೊಟ್ಟೆ ಉರಿಯಿತು. ಕೇಳುವವರು ಯಾರು?

ಎಲ್ಲಕ್ಕಿಂತ ದೊಡ್ಡದು ಮುಂಭಾಗದ ಗಾಜು. ನೆಲದಿಂದ ನೆತ್ತಿಯವರೆಗೆ ಒಂದೇ ಹಾಳೆ. ಇವರೇ ನಿಂತು ಕತ್ತರಿಸಿ ತಂದದ್ದು. ಒಂದು ಗುಳ್ಳೆ ಇಲ್ಲ, ಒಂದು ಗೀರಿಲ್ಲ. ಬಂದವರೆಲ್ಲ ಗಾಜೇ ಇಲ್ಲವೆಂದುಕೊಂಡು ಕೈ ಚಾಚಿ ಬೆರಳು ತಾಗಿಸಿಕೊಳ್ಳುತ್ತಿದ್ದರು. ಆಗ ಇವರ ಮುಖ ನೋಡಬೇಕಿತ್ತು.

ಗೂಡು ನಿಂತದ್ದು ಬಚ್ಚಲಿನಿಂದ ದೇವರಮನೆಗೆ ಹೋಗುವ ದಾರಿಯಲ್ಲಿ. ಹುಳು ತಿನ್ನುವ ಪ್ರಾಣಿಯ ಪಕ್ಕದಲ್ಲೇ ಅತ್ತೆ ಮಡಿಯುಟ್ಟು ಹೋಗಬೇಕು. ಅವರು ಜಗಳವಾಡಲಿಲ್ಲ. ದಿನಾ ಸ್ನಾನವಾದ ಮೇಲೆ ಗೋಪೀಚಂದನ ತೇಯ್ದು ಹಿತ್ತಾಳೆಯ ಶಂಖ, ಚಕ್ರದ ಮುದ್ರೆಗಳನ್ನು ಮೈಗೆ ಒತ್ತಿಕೊಳ್ಳುವುದು ಅವರ ರೂಢಿ. ಉಳಿದ ಗಂಧದಲ್ಲಿ ಹೊಸ ಫ್ರಿಜ್ಜಿಗೂ ಅಕ್ಕಿ ಡಬ್ಬಕ್ಕೂ ಒಂದೊಂದು ಒತ್ತುವವರು. ಈಗ ಮೋಟು ಸ್ಟೂಲೊಂದನ್ನು ಗೂಡಿನ ಮುಂದೆ ಎಳೆದು ಕೂತು, ಕೈಗೆಟಕುವಷ್ಟು ಎತ್ತರಕ್ಕೆ ಗಾಜಿನುದ್ದಕ್ಕೂ ಶಂಖ, ಚಕ್ರ, ಶಂಖ, ಚಕ್ರ ಎಂದು ಸಾಲು ಹಾಕಿದರು. ಅದು ಆ ಕಡೆ, ನಾವು ಈ ಕಡೆ ಎಂಬುದು ಅವರ ಲೆಕ್ಕ.

ಸಂಜೆ ಇವರು ಮನೆಗೆ ಬಂದವರೇ ಎಲ್ಲವನ್ನೂ ಒರೆಸಿದರು. ಮರುದಿನ ಅವರು ಒತ್ತಿದರು, ಇವರು ಒರೆಸಿದರು. ತಾಯಿ ಮಗನ ಈ ಕಸರತ್ತು ಮೂರು ವಾರ ನಡೆಯಿತು. ಇದರ ಹಿಂದೆ ಹಳೆಯ ಕಥೆಯೊಂದಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇವರೂ ಮುದ್ರೆ ಹಚ್ಚಿಕೊಳ್ಳುತ್ತಿದ್ದರಂತೆ. ಎರಡನೇ ವಾರ ಒಣಗಿದ ಗಂಧದ ಪುಡಿ ತೋಳಿನಿಂದ ಗಾಜಿನ ಮೇಲೆ ಉದುರಿತೆಂದು ಬಿಟ್ಟವರು ಮತ್ತೆ ಮುಟ್ಟಲಿಲ್ಲ. ಅತ್ತೆಗೆ ಆ ನೋವು ಹೋಗಿಲ್ಲ, ಹೇಳಿಕೊಂಡೂ ಇಲ್ಲ.

ಆ ದಿನಗಳಲ್ಲೇ ಕೀರೈಯ ಮೂಗು ಕೆಂಪಾದದ್ದು. ಸಂಜೆಯಾದರೆ ಸಾಕು, ಓಡಿ ಬಂದು ಗಾಜಿಗೆ ಮೂತಿ ಗುದ್ದುತ್ತಿತ್ತು. ಹಿಂದೆ ಸರಿದು ಮತ್ತೆ ಗುದ್ದುತ್ತಿತ್ತು. ಬಿಸಿ ಹೆಚ್ಚಾಗಿರಬೇಕೆಂದು ಇವರು ದೀಪ ಬದಲಿಸಿದರು. ಕೊಂಬೆ ಸರಿಯಿಲ್ಲವೆಂದು ಕೊಂಬೆ ಬದಲಿಸಿದರು. ಪ್ರತಿ ಸಲವೂ ಕೆಲಸ ಮುಗಿದ ಮೇಲೆ ಗಾಜನ್ನು ಇನ್ನಷ್ಟು ಫಳಫಳ ಮಾಡಿದರು. ಆ ತಲೆಬಿಸಿಯನ್ನೆಲ್ಲ ಒಂದು ಭಾನುವಾರ ಅತ್ತೆಯ ಮೇಲೆ ತೀರಿಸಿಕೊಂಡರು.

"ಅಮ್ಮಾ, ದಿನಾ ಒರ್ಸೋದೇ ವೇಲೆ ಆಗ್ಹೋಯ್ತು ನಂಗೆ. ಗಾಜೆಲ್ಲಾ ಕಲೆ. ಇನ್ಮೇಲೆ ಇದನ್ನ ಮುಟ್ಬೇಡ."

ಅತ್ತೆ "ಸರಿಪ್ಪಾ" ಎಂದಷ್ಟೇ ಹೇಳಿ ಮುದ್ರೆಗಳನ್ನು ಡಬ್ಬಿಗೆ ಹಾಕಿ ಮುಚ್ಚಿದರು. ಮಾರನೆಯ ದಿನದಿಂದ ಗೂಡಿನ ಕಡೆ ತಲೆಯೆತ್ತಿ ನೋಡಲಿಲ್ಲ. ನನಗೆ ಇವರ ಮೇಲೆ ಬಂದ ಕೋಪಕ್ಕೆ ಎರಡು ದಿನ ಕಾಫಿ ಲೋಟವನ್ನು ಕುಕ್ಕಿಯೇ ಇಟ್ಟೆ. ಅದರ ತಳದ ಗುರುತು ಮಾತ್ರ ಇವರಿಗೆ ಕಂಡಿತು.

ಆ ವಾರ ಕೀರೈಯ ಮೂತಿ ಊದಿಕೊಂಡಿತು, ಕೀವು ಕಂಡಿತು. ಮೊದಲು ಸಂಜೆ ಮಾತ್ರ ಗುದ್ದುತ್ತಿದ್ದದ್ದು ಈಗ ದಿನವೆಲ್ಲ ಗುದ್ದುತ್ತಿತ್ತು.

"ಅಪ್ಪಾ, ಮೂಣು ನಾಳಾ ಸಾಪ್ಪಿಡಲ್ಲೆ ಪಾ," ಎಂದು ಅಕ್ಷಯಾ ಅತ್ತಳು. ಮೂರು ದಿನದಿಂದ ಅದು ಒಂದು ಹುಳುವನ್ನೂ ಮುಟ್ಟಿರಲಿಲ್ಲ.

ಇಂಥ ಪ್ರಾಣಿಗಳನ್ನು ನೋಡುವ ಡಾಕ್ಟರ್ ಗಿರಿಧರ್ ಅವರ ಬಳಿಗೆ ಮೂವರೂ ಆಟೋದಲ್ಲಿ ಹೋದೆವು. ಅವರು ಗಾಯ ತೊಳೆದು ಔಷಧ ಕೊಟ್ಟರು. ಗುದ್ದುವುದು ನಿಲ್ಲದಿದ್ದರೆ ಕೀವು ದವಡೆಯ ಮೂಳೆಗೆ ಇಳಿಯುತ್ತದೆ, ಆಮೇಲೆ ಉಳಿಯುವುದು ಕಷ್ಟ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಗೂಡಿನ ಫೋಟೋ ಕೇಳಿದರು. ಅಕ್ಷಯಾಳ ಫೋನಿನಲ್ಲಿ ನೂರಾರು ಇದ್ದವು. ನೋಡುತ್ತ ನೋಡುತ್ತ ಅವರು ಗಾಜು ಎಲ್ಲಿದೆ ಎಂದು ಕೇಳಿದರು. ಕಾಣುವುದೇ ಇಲ್ಲ ಸಾರ್, ಅಷ್ಟು ಕ್ಲಿಯರ್ ಎಂದು ನನ್ನ ಗಂಡ ಈ ಸ್ಥಿತಿಯಲ್ಲೂ ಎದೆಯುಬ್ಬಿಸಿದರು.

ಅದೇ ತೊಂದರೆ ಎಂದರು ಡಾಕ್ಟರ್. ಮನುಷ್ಯರಿಗೇ ಕಾಣದ್ದು ಅದಕ್ಕೆ ಹೇಗೆ ಕಾಣಬೇಕು? ದಾರಿ ತೆರೆದಿದೆ ಎಂದುಕೊಂಡೇ ಓಡಿಬರುತ್ತದೆ. ಆಮೇಲೆ ಒಂದು ಫೋಟೋದಲ್ಲಿ ಬೆರಳಿಟ್ಟರು. ಮೂರು ವಾರದ ಹಿಂದಿನ ಒಂದು ಬೆಳಿಗ್ಗೆಯದು. ಕೀರೈ ಗಾಜಿನಿಂದ ಒಂದು ಗೇಣು ದೂರದಲ್ಲಿ ತೆಪ್ಪಗೆ ನಿಂತು ಎದುರಿನ ಹಳದಿ ಗುರುತುಗಳನ್ನು ನೋಡುತ್ತಿತ್ತು. ಇದೇನೆಂದು ಕೇಳಿದರು. ಅಜ್ಜಿ ಬೆಳಿಗ್ಗೆ ಹಾಕುತ್ತಿದ್ದರು, ಅಪ್ಪ ಸಂಜೆ ಒರೆಸುತ್ತಿದ್ದರು, ಈಗ ಅಜ್ಜಿ ಹಾಕುತ್ತಿಲ್ಲ ಎಂದು ಅಕ್ಷಯಾಳೇ ಹೇಳಿದಳು. ಇನ್ನು ಒರೆಸಬೇಡಿ ಎಂದರು ಡಾಕ್ಟರ್.

ಕಾಗದ ಅಂಟಿಸಿದರೂ ಸಾಕಾಗುತ್ತಿತ್ತು. ಮನೆ ಮುಟ್ಟಿದ ಕೂಡಲೇ ನಾನೇ ಹಳೆಯ ಪೇಪರು ಅಂಟಿಸಿದೆ. ಇವರು ತಡೆಯಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಸ್ನಾನ ಮುಗಿಸಿ ಬಂದಾಗ ಇವರು ಆಗಲೇ ಮಿಂದು, ಮಡಿಯುಟ್ಟು, ಗೋಪೀಚಂದನ ತೇಯ್ದು ಬಟ್ಟಲು ಹಿಡಿದು ನಿಂತಿದ್ದರು. ಪೇಪರು ಕಿತ್ತಿದ್ದರು, ಸ್ಟೂಲೂ ಗಾಜಿನ ಮುಂದೆ ಬಂದಿತ್ತು.

"ಕಲೆ ಅಂದ್ಯಲ್ಲೋ," ಎಂದರು ಅತ್ತೆ.

"ನಂಗೆ ತಿಳೀಲಿಲ್ಲಮ್ಮ. ತಪ್ಪು ನಂದೇ. ನೀನೇ ಹಾಕ್ಬೇಕು."

ಅತ್ತೆ ಕೂತರು. ಈ ತುದಿಯಿಂದ ಆ ತುದಿಯವರೆಗೆ ಒತ್ತಿದರು. ಒಳಗೆ ಕೀರೈ ಓಡಿಬಂದು, ಸಾಲಿನ ಮುಂದೆ ಗಕ್ಕನೆ ನಿಂತು, ತಲೆ ಓರೆ ಮಾಡಿ ನೋಡಿ, ತಿರುಗಿ ಕೊಂಬೆ ಹತ್ತಿತು. ಇವರು ಬಗ್ಗಿ ನೋಡಿ, ನಡುವಿನ ಎರಡು ಚಕ್ರ ಸ್ವಲ್ಪ ಮೇಲೆ ಹೋಗಿವೆ, ನಾಳೆಯಿಂದ ಸ್ಕೇಲಿಟ್ಟು ಗೆರೆ ಹಾಕಿಕೊಡುತ್ತೇನೆ ಎಂದರು. ಈ ಮನುಷ್ಯನನ್ನು ಏನು ಮಾಡುವುದೋ ನನಗೆ ಇವತ್ತಿಗೂ ತಿಳಿದಿಲ್ಲ.

ಬಟ್ಟಲಿನಲ್ಲಿ ಇನ್ನೂ ಗಂಧ ಉಳಿದಿತ್ತು. ಅತ್ತೆ ಮಗನ ತೋಳು ಹಿಡಿದೆಳೆದು, ಇಪ್ಪತ್ತಾರು ವರ್ಷ ಬರಿದಾಗಿದ್ದ ಜಾಗಕ್ಕೆ ಚಕ್ರದ ಮುದ್ರೆ ಒತ್ತಿದರು.

"ಇದನ್ನೂ ಒರೆಸ್ಬೇಡ," ಎಂದರು.

ಅವತ್ತು ಇವರು ಮುದ್ರೆ ಒಣಗುವವರೆಗೆ ಫ್ಯಾನಿನ ಕೆಳಗೆ ಕೂತು, ಅದರ ಮೇಲೆ ತುಂಬುತೋಳಿನ ಅಂಗಿ ತೊಟ್ಟು, ಪುಡಿ ಉದುರದಂತೆ ಮಣಿಕಟ್ಟಿನ ಗುಂಡಿ ಹಾಕಿಕೊಂಡು ಅಂಬತ್ತೂರಿಗೆ ಹೋದರು.