ವೆಂಕೂಬಾಯಿ ಬಿಟ್ಟ ಎಲೆ

ವೆಂಕೂಬಾಯಿ ಕಾಕುವಿಗೆ ಅಡಿಗೆ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತೀರಿಹೋದವರ ಮಾತು ಬಂದರೆ ಸಾಕು, ನಮ್ಮ ಮಂದಿ ಇಲ್ಲದ ಗುಣಗಳನ್ನೆಲ್ಲ ತಂದು ಅವರ ತಲೆಗೆ ಕಟ್ಟುತ್ತಾರೆ. ಕಾಕು ಮಾಡಿದ ಸಾರಿನಲ್ಲಿ ಬೇಳೆಯನ್ನು ಹುಡುಕಬೇಕಿತ್ತು. ಹೋಳಿಗೆ ತವೆಯ ಮೇಲೇ ಹರಿದು ಹೂರಣ ಸುಟ್ಟು ವಾಸನೆ ಬರುತ್ತಿತ್ತು. ಆದರೆ ಬಡಿಸುವುದರಲ್ಲಿ ಮಾತ್ರ ಇಡೀ ಇಂಡಿ ಊರಿನಲ್ಲಿ ಅವರನ್ನು ಮೀರಿಸುವ ಹೆಣ್ಣುಮಗಳು ಇರಲಿಲ್ಲ.

ಅವರ ಗಂಡ ಪಾಂಡುರಂಗರಾಯರು ಕಂದಾಯ ಇಲಾಖೆಯಲ್ಲಿ ಕಾರಕೂನರು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ಕಡೆ ವರ್ಗವಾಗಿ ಕಡೆಗೆ ಇಂಡಿಗೆ ಬಂದು ನೆಲೆಸಿದ್ದರು. ರಾಯರು ಯಾವ ಕಚೇರಿಯಲ್ಲಿ ಏನು ಕೆಲಸ ಮಾಡಿದರೋ ದೇವರೇ ಬಲ್ಲ, ಆದರೆ ಅಲ್ಲಿಯ ಹಬ್ಬದೂಟಗಳನ್ನು ಮಾತ್ರ ಮರೆತಿರಲಿಲ್ಲ. ಮುದ್ದೇಬಿಹಾಳದಲ್ಲಿ ತುಪ್ಪ ಧಾರಾಳ, ಬಾಗೇವಾಡಿಯಲ್ಲಿ ಗೋಧಿ ಹುಗ್ಗಿ ಗಟ್ಟಿ, ಸಿಂದಗಿಯವರ ಕರಿಗಡುಬು ಬಾಯಲ್ಲಿಟ್ಟರೆ ಕರಗುತ್ತದೆ ಎಂದು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರು. ಒಬ್ಬಳೇ ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದರು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ.

ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಓಣಿಗೆಲ್ಲ ಅವರು ಕಾಕು, ಎಂದರೆ ಚಿಕ್ಕಮ್ಮ. ನಾನು ಸೊಸೆಯಾಗಿ ಆ ಓಣಿಗೆ ಬಂದ ವರ್ಷವೇ ನಮ್ಮತ್ತೆ ನನ್ನನ್ನು ಕಾಕುವಿನ ಕೈಗೆ ಒಪ್ಪಿಸಿದರು. ಯಾರ ಮನೆಯಲ್ಲಿ ಪೂಜೆಯಿರಲಿ, ಮುಂಜಿವೆಯಿರಲಿ, ಕಾಕು ಹೋಳಿಗೆಯ ಪರಾತ ಹಿಡಿದು ಮುಂದೆ, ನಾನು ತುಪ್ಪದ ಮಿಳ್ಳೆ ಹಿಡಿದು ಹಿಂದೆ.

"ಬೇಕೇನ್ರಿ ಅಂತ ಯಾರಿಗೂ ಕೇಳಬ್ಯಾಡ, ಗೋದೂ," ಎಂದು ಮೊದಲ ದಿನವೇ ಪಾಠ ಹೇಳಿದರು. "ಬೇಕು ಅನ್ಲಿಕ್ಕೆ ಮನುಷ್ಯಾಗ ನಾಚಿಕಿ ಆಗ್ತದ. ನೀ ಹಾಕಿ ಮುಂದ ನಡೀ."

ಕೈ ಅಡ್ಡ ಹಿಡಿದವರಿಗೆ ಅವರ ಹತ್ತಿರ ಬೇರೆ ಬೇರೆ ಮದ್ದು ಇತ್ತು. ಹಿರಿಯರಿಗೆ "ದೇವರ ಪ್ರಸಾದ, ಬ್ಯಾಡ ಅನಬಾರದು." ಹರೆಯದವರಿಗೆ "ಇದೇನು, ಮದುವಿ ಆಗೂ ಗಂಡು ಹಿಂಗ ಉಂಡ್ರ ಹೆಣ್ಣು ಕೊಡೋರು ಯಾರು?" ಅಷ್ಟರಲ್ಲಿ ಹೋಳಿಗೆ ಎಲೆಯ ಮೇಲೆ ಬಿದ್ದಾಗಿರುತ್ತಿತ್ತು.

ಕಾಕುವಿನದು ಇನ್ನೊಂದು ನೇಮವಿತ್ತು, ಅದಕ್ಕಾಗಿಯೇ ಮಂದಿ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಅವರ ಕೈಯಲ್ಲಿ ಪಂಕ್ತಿಭೇದ ಎಂಬುದೇ ಇರಲಿಲ್ಲ. ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬರಿಗೆ ಹಾಕಿ ಇನ್ನೊಬ್ಬರಿಗೆ ಬಿಟ್ಟರೆ ಅದಕ್ಕಿಂತ ದೊಡ್ಡ ಪಾಪವಿಲ್ಲ ಎಂದು ನಮ್ಮಲ್ಲಿ ಎಲ್ಲರೂ ಬಾಯಲ್ಲಿ ಹೇಳುತ್ತಾರೆ. ಮಾಡುವಾಗ ಮಾಮಲೇದಾರನ ಎಲೆಗೆ ಬಿಸಿ ಹೋಳಿಗೆ, ಸಾಲಿನ ಕೊನೆಗೆ ಕೂತ ಬಡ ಮುದುಕನಿಗೆ ಹರಕು ಹೋಳಿಗೆ. ಕಾಕು ಹಾಗಲ್ಲ. ಒಮ್ಮೆ ತಾಂಬಾ ಹಳ್ಳಿಯ ಮದುವೆಯೊಂದರಲ್ಲಿ ಹೋಳಿಗೆ ಕೊನೆಯ ನಾಲ್ಕು ಎಲೆಗೆ ಸಾಲದಾದಾಗ, ಬೀಗರ ಮುಂದೆಯೇ ನಿಂತು "ಇನ್ನ ನಾಲ್ಕು ಬೇಯೋತನಕ ಯಾರೂ ತುತ್ತು ಎತ್ತಬ್ಯಾಡ್ರಿ" ಎಂದು ಇಡೀ ಪಂಕ್ತಿಯನ್ನು ನಿಲ್ಲಿಸಿದ್ದರು. ಬೀಗರು ಹಲ್ಲು ಕಡಿದರು, ಆದರೆ ಕಾದರು.

ಇಂಥ ಹೆಂಗಸಿನ ಗಂಡನಿಗೆ ಸಕ್ಕರೆ ಬೇನೆ ಬಂತು.

ಎಪ್ಪತ್ನಾಲ್ಕನೆಯ ಇಸವಿಯ ಬೇಸಿಗೆ. ರಾಯರಿಗೆ ಎಷ್ಟು ನೀರು ಕುಡಿದರೂ ದಾಹ ಹಿಂಗುತ್ತಿರಲಿಲ್ಲ. ಊರಿನ ಶಹಾಬುದ್ದೀನ ಡಾಕ್ಟರು ನೋಡಿ ಗುಳಿಗೆ ಕೊಟ್ಟರು, ಒಂದು ಸೀಸೆ ನೀಲಿ ಔಷಧಿ ಕೊಟ್ಟರು, ಒಂದು ಗಾಜಿನ ನಳಿಗೆಯನ್ನೂ ಕೊಟ್ಟರು. ದಿನಾ ಬೆಳಿಗ್ಗೆ ಆ ನೀಲಿ ನೀರಿಗೆ ರೋಗಿಯ ಮೂತ್ರದ ಹನಿ ಹಾಕಿ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಚಲೋ, ಹಸಿರಾದರೆ ಹುಷಾರಾಗಬೇಕು, ಇಟ್ಟಂಗಿಯ ಕೆಂಪು ಬಣ್ಣ ಬಂದರೆ ಸಕ್ಕರೆ ಮಿತಿಮೀರಿದೆ ಎಂದು ಲೆಕ್ಕ. ಮಡಿಯ ಹೆಂಗಸು ಕಾಕು. ಮೂಗಿಗೆ ಸೆರಗು ಹಿಡಿದು, ಬಚ್ಚಲ ಒಲೆಯಲ್ಲಿ ಅದನ್ನು ಕುದಿಸಿ, ಆಮೇಲೆ ತಲೆಯ ಮೇಲೆ ನೀರು ಸುರಿದುಕೊಂಡು ಅಡಿಗೆಗೆ ಬರುತ್ತಿದ್ದರು.

ಡಾಕ್ಟರು ಕಠಿಣದವರಲ್ಲ. "ರಾಯರ, ಹಬ್ಬಾ ಮಾಡಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ," ಎಂದರು. "ರೊಟ್ಟಿ, ಪಲ್ಯಾ, ಮೆಂತೆ ತಪ್ಪಲಾ ಹೊಟ್ಟಿತುಂಬ ತಿನ್ರಿ. ಹಬ್ಬದ ದಿನಾ ಅರ್ಧಾ ಹೋಳಿಗಿ ಬಾಯಿಗೆ ಹಾಕ್ರಿ. ಉಂಡ ಮ್ಯಾಲ ಮಲಗಬ್ಯಾಡ್ರಿ, ಊರ ಹೊರಗಿನ ತನಕಾ ನಡದು ಬರ್ರಿ. ಇಷ್ಟು ಮಾಡಿದ್ರ ನೂರು ಹಬ್ಬಾ ನೋಡ್ತೀರಿ."

"ಪಂಕ್ತ್ಯಾಗ ಅರ್ಧಾ ಅಂಬೂದು ಎಲ್ಲೆದರೀ ಡಾಕ್ಟರ?" ಎಂದರು ರಾಯರು. ಹೊರಗೆ ಬಂದ ಮೇಲೆ ಹೆಂಡತಿಗೆ ಸಮಾಧಾನ ಬೇರೆ ಹೇಳಿದರು: "ಅವರು ಸಕ್ಕರಿ ಬ್ಯಾಡ ಅಂದಾರ. ಹೋಳಿಗ್ಯಾಗ ಇರೂದು ಬೆಲ್ಲ."

ಓದು ಬರಹ ಬಲ್ಲ ಕಾರಕೂನ ಆಡುವ ಮಾತೇ ಇದು? ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂದು ಕಟ್ಟೆಯ ಮೇಲೆ ಮಂದಿಗೆ ಗಾದೆ ಹೇಳುತ್ತಿದ್ದವರೂ ಇವರೇ.

ಮನೆಯಲ್ಲಿ ಕಾಕು ಬೆಲ್ಲದ ಡಬ್ಬಿಯನ್ನು ನಮ್ಮಲ್ಲಿ ತಂದಿಟ್ಟರು. ಹಾಗಲಕಾಯಿ, ಮೆಂತೆ, ಜೋಳದ ರೊಟ್ಟಿ ಎಂದು ಶುರು ಮಾಡಿದರು. ಗಂಡ ಎರಡನೆಯ ಮಾತಿಲ್ಲದೆ ಉಂಡೆದ್ದು ಹೋಗುತ್ತಿದ್ದರು. ಯಾಕೆ ಅಷ್ಟು ಸಂಭಾವಿತರಾದರು ಎಂದು ನಮಗೆ ಶ್ರಾವಣದಲ್ಲಿ ತಿಳಿಯಿತು. ಶ್ರಾವಣದ ಶುಕ್ರವಾರ, ಶನಿವಾರ, ಗಣೇಶನ ಚೌತಿ, ನವರಾತ್ರಿ, ದೀಪಾವಳಿ, ತುಳಸಿ ಮದುವೆ. ಒಂದಾದ ಮೇಲೊಂದು ಊಟಕ್ಕೆ ಕರೆ. ಹೆಂಡತಿ ಬಡಿಸುವ ಪ್ರತಿಯೊಂದು ಪಂಕ್ತಿಯಲ್ಲಿ ರಾಯರು ಹೋಗಿ ಕೂರುತ್ತಿದ್ದರು. ಅವಳು ಯಾರ ಎಲೆಯನ್ನೂ ಬಿಡುವವಳಲ್ಲ ಎಂದು ಅವರಿಗೆ ಗೊತ್ತಿತ್ತು. ಪರಾತ ತಮ್ಮ ಮುಂದೆ ಬಂದಾಗ ತಲೆಯೆತ್ತಿ ಹೆಂಡತಿಯ ಮುಖ ನೋಡಿ ನಗುತ್ತಿದ್ದರು. ಕಾಕು ಮುಖ ತಿರುಗಿಸಿಕೊಂಡು ಹಾಕುತ್ತಿದ್ದರು. ಹಿಂದೆ ನಿಂತ ನಾನು ತುಪ್ಪ ಸುರಿಯುತ್ತಿದ್ದೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೆಂಡತಿಯ ಪುಣ್ಯವನ್ನು ನಂಜಿಕೊಂಡು ಹೋಳಿಗೆ ತಿನ್ನುವ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರುದಿನ ಬೆಳಿಗ್ಗೆ ಗೋಡೆಯಾಚೆಯಿಂದ ಕಾಕುವಿನ ದನಿ ಕೇಳುತ್ತಿತ್ತು. "ನೋಡ್ರಿ, ಇಟ್ಟಂಗಿ. ಕಣ್ಣ ಬಿಟ್ಟ ನೋಡ್ರಿ!"

ಮರುವರ್ಷ ರಾಯರ ಎಡಗಾಲಿಗೆ ಜಾಲಿ ಮುಳ್ಳು ತಾಗಿತು. ಮುಳ್ಳು ಹೊರಗೆ ಬಂತು, ಗಾಯ ಮಾಯಲಿಲ್ಲ. ಕಡೆಗೆ ವಿಜಾಪುರಕ್ಕೆ ಕರೆದೊಯ್ದು ಕಿರುಬೆರಳನ್ನು ತೆಗೆಸಬೇಕಾಯಿತು. ಪಟ್ಟಿ ಬದಲಿಸಲು ಮನೆಗೆ ಬಂದ ಶಹಾಬುದ್ದೀನ ಡಾಕ್ಟರು ಈ ಸಲ ರಾಯರಿಗೆ ಹೇಳಲಿಲ್ಲ, ಕಾಕುವಿಗೆ ಹೇಳಿದರು: "ತಾಯಿ, ಈಗ ಬೆರಳು ಹೋತು. ಹಿಂಗಽ ನಡದ್ರ ಮುಂದ ಪಾದ, ಅದರ ಮುಂದ ಕಾಲು. ಆಮ್ಯಾಲ ನನ್ನ ಕಡೆ ಬರಬ್ಯಾಡ್ರಿ."

ಕಾಕು ಮಾಡದ ಉಪಾಯವಿಲ್ಲ. ಒಂದೆರಡು ಕಡೆ ಬಡಿಸಲು ಹೋಗದೆ ಮನೆಯಲ್ಲಿ ಕೂತರು. ಬೇರೆಯವರು ರಾಯರಿಗೆ "ಪಾಪ, ಸೊರಗ್ಯಾರ" ಎಂದು ಇನ್ನೂ ಎರಡು ಹೆಚ್ಚು ಹಾಕಿದರು. ನಮ್ಮತ್ತೆಯೂ ಹಾಕಿದವರೇ. ಬೇರೆ ಕೂತು ಉಣ್ಣಿರಿ ಎಂದರೆ ರಾಯರು "ನಾ ಏನು ಸೂತಕದಾಂವೇನು?" ಎಂದು ಹಾರಾಡಿದರು. ಹೋಗುವ ಮುಂಚೆ ಹೊಟ್ಟೆತುಂಬ ರೊಟ್ಟಿ ಉಣಿಸಿ ಕಳಿಸಿದರೆ, ರೊಟ್ಟಿಯ ಮೇಲೆ ಹೋಳಿಗೆ ಕೂತಿತು, ಅಷ್ಟೇ.

ಆ ನವರಾತ್ರಿಯಲ್ಲಿ ಬಸಂತರಾಯರ ಮನೆಯ ಊಟ ಬಂತು. ಬಸಂತರಾಯರು ನಮ್ಮ ಓಣಿಗೆ ದೊಡ್ಡವರು, ಲಚ್ಯಾಣದ ಕಡೆ ಹೊಲ ಉಳ್ಳವರು. ಅವರ ಪಡಸಾಲೆಯಲ್ಲಿ ಮೊದಲನೆಯ ಪಂಕ್ತಿ ಕೂತಿತ್ತು. ಅನ್ನ ಸಾರು ಮುಗಿದು ಹೋಳಿಗೆಯ ಸರದಿ ಬಂತು. ಕಾಕು ಪರಾತ ಹಿಡಿದು ಹೊರಟರು, ಹಿಂದೆ ನಾನು. ಸಾಲಿನ ನಡುವೆ ರಾಯರು, ಕಾಲಿನ ಪಟ್ಟಿ ಧೋತರದಲ್ಲಿ ಮುಚ್ಚಿಕೊಂಡು, ತಲೆಯೆತ್ತಿ ನಗಲು ತಯಾರಾಗಿದ್ದರು.

ಕಾಕು ಆ ಎಲೆಯನ್ನು ದಾಟಿ ಮುಂದಿನ ಎಲೆಗೆ ಹಾಕಿದರು.

ನಾನು ಮಿಳ್ಳೆ ಹಿಡಿದು ಅಲ್ಲೇ ನಿಂತೆ. ಯಾರೂ ಹೋಳಿಗೆ ಮುರಿಯಲಿಲ್ಲ. ಬಸಂತರಾಯರು ಮೆತ್ತಗೆ ಹೇಳಿದರು, "ವೆಂಕೂಬಾಯಿಯವರ, ಒಂದು ಎಲಿ ಉಳೀತು."

"ಉಳದಿಲ್ರಿ. ಬಿಟ್ಟೀನಿ."

"ಪಂಕ್ತಿಭೇದ ಆಗ್ತದಲ್ರಿ!"

"ಆಗ್ಲಿ," ಎಂದರು ಕಾಕು. ದನಿ ಏರಿಸಲಿಲ್ಲ. "ಪಾಪ ನನ್ನ ತಲಿಮ್ಯಾಲ ಇರ್ಲಿ. ಅವರ ಕಾಲು ಅವರಿಗೆ ಇರ್ಲಿ."

ರಾಯರ ಮುಖ ಕೆಂಪಗಾಯಿತು, ಆಮೇಲೆ ಬಿಳಿಚಿತು. ಉಣ್ಣುತ್ತಿದ್ದ ಎಲೆಯನ್ನು ಬಿಟ್ಟು ಎದ್ದರು. ಊಟದ ನಡುವೆ ಒಬ್ಬ ಎದ್ದರೆ ಪಂಕ್ತಿ ಮುರಿದಂತೆ. ಉಳಿದವರೂ ಒಬ್ಬೊಬ್ಬರಾಗಿ ಕೈ ತೊಳೆಯಲು ಎದ್ದರು. ಕಾಕು ಪರಾತವನ್ನು ನೆಲಕ್ಕಿಟ್ಟು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದರು.

ಆಮೇಲೆ ಕೇಳಬೇಕೆ! ಹಬ್ಬದ ದಿನ ದೇವರ ಊಟ ಕೆಡಿಸಿದಳು, ಗಂಡನ ಮಾನ ಕಳೆದಳು, ವಯಸ್ಸಾದರೂ ಬುದ್ಧಿ ಬರಲಿಲ್ಲ. ಓಣಿಯ ಬಾಯಿಗೆ ಬೀಗವುಂಟೆ? ಮನುಷ್ಯ ಹೋಳಿಗೆ ತಿಂದು ಸತ್ತರೆ ಅದು ಹಣೆಬರಹ, ಹೋಳಿಗೆ ಬಡಿಸದೆ ಬದುಕಿಸಿದರೆ ಅದು ಪಾಪ. ಈ ನ್ಯಾಯ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಂದಿನಿಂದ ಯಾರೂ ಕಾಕುವನ್ನು ಬಡಿಸಲು ಕರೆಯಲಿಲ್ಲ. ನನ್ನ ಮುಂದೆ ಪರಾತ ಹಿಡಿದು ಬೇರೆ ಬೇರೆಯವರು ನಡೆದರು. "ಬೇಕೇನ್ರಿ, ಬೇಕೇನ್ರಿ" ಎಂದು ಕೇಳುತ್ತಾ ಹೋಗುವ ಮಂದಿ.

ರಾಯರು ಹೆಂಡತಿಯೊಡನೆ ಮಾತು ಬಿಟ್ಟರು. ಏನಾದರೂ ಬೇಕಿದ್ದರೆ ಗೋಡೆಯಾಚೆಯಿಂದ ನನ್ನನ್ನು ಕೂಗುತ್ತಿದ್ದರು: "ಗೋದೂ, ನಿಮ್ಮ ಕಾಕುಗ ಹೇಳು, ನೀರು ಬೇಕಂತ." ಕಾಕು ಅಲ್ಲೇ ಎದುರಿಗೆ ಇರುತ್ತಿದ್ದರು. ನಾನು ಹೇಳುತ್ತಿದ್ದೆ, ಅವರು ಕೊಡುತ್ತಿದ್ದರು. ನಾಚಿಕೆಗೋ ಸಿಟ್ಟಿಗೋ, ರಾಯರು ದೀಪಾವಳಿಗೂ ಯಾರ ಮನೆಗೂ ಹೋಗಲಿಲ್ಲ. ಹೆಂಡತಿ ಹಾಕಿದ್ದನ್ನು ಉಂಡು, ಕೋಲು ಹಿಡಿದು ಊರ ಹೊರಗಿನ ತನಕ ನಡೆದು ಬರುತ್ತಿದ್ದರು. ಗಾಯ ಮಾಯಿತು. ನೀಲಿ ನೀರು ಹೆಚ್ಚಿನ ದಿನ ನೀಲಿಯಾಗಿಯೇ ಉಳಿಯಿತು. ಅದನ್ನೂ ಕಾಕು ನನಗೇ ತೋರಿಸಬೇಕಾಗಿತ್ತು.

ಸಂಕ್ರಾಂತಿಯ ದಿನ ನಮ್ಮ ಮನೆಯಲ್ಲಿ ಎಲೆ ಹಾಸುವ ಸಪ್ಪಳವಾದಾಗ ಕಾಕು ಹಿತ್ತಲಲ್ಲಿ ಕೂತು ಹತ್ತಿ ಬಿಡಿಸುತ್ತಿದ್ದರು. "ನನಗ ಬ್ಯಾರೆ ಏನೂ ಬರ್ತಿದ್ದಿಲ್ಲ, ಗೋದೂ," ಎಂದರು. "ಅದೊಂದಽ ಬರ್ತಿತ್ತು. ಭಾಳ ಸಂಕಟ ಆಗ್ತದ." ಅಷ್ಟೇ ಹೇಳಿ ಮತ್ತೆ ಹತ್ತಿ ಹಿಡಿದರು.

ಮುಂದಿನ ನವರಾತ್ರಿ ಹತ್ತಿರ ಬಂತು. ಒಂದು ಮಧ್ಯಾಹ್ನ ಹೆಪ್ಪಿಗೆ ಮಜ್ಜಿಗೆ ಕೇಳಲು ನಾನು ಅವರಲ್ಲಿಗೆ ಹೋಗಿದ್ದೆ. ರಾಯರು ಕಟ್ಟೆಯ ಮೇಲಿದ್ದರು. ಕಾಕು ಒಳಗೆ ರೊಟ್ಟಿ ಬಡಿಯುತ್ತಿದ್ದರು. ಆಗ ಬಸಂತರಾಯರು ತಾವೇ ಕರೆಯಲು ಬಂದರು.

"ಪಾಂಡುರಂಗರಾಯರ, ಹ್ವಾದ ವರ್ಷದ್ದು ಆಗಿ ಹೋತು," ಎಂದರು. "ಈ ಸಲ ನೀವು ಬರಲಿಕ್ಕೇ ಬೇಕು. ಮೊದಲನೇ ಪಂಕ್ತ್ಯಾಗ ನಿಮ್ಮ ಎಲಿ. ಬಡಸ್ಲಿಕ್ಕೆ ಬ್ಯಾರೆ ಮಂದೀಗೆ ಹೇಳೀವಿ. ನಿಮಗ ಯಾರೂ ಏನೂ ಕಡಿಮಿ ಮಾಡಂಗಿಲ್ಲ."

ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ರಾಯರು ಕೋಲನ್ನು ಹತ್ತಿರ ಎಳೆದುಕೊಂಡರು. ನಾನಂತೂ ಮನಸ್ಸಿನಲ್ಲೇ ಅಂದುಕೊಂಡೆ, ಮುಗಿಯಿತು, ಈ ಮನುಷ್ಯ ಈಗ ಎದ್ದು ಹೊರಡುತ್ತಾನೆ, ಇಷ್ಟು ದಿನ ಅವಳು ಪಟ್ಟ ಕಷ್ಟವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತಾಯಿತು.

ರಾಯರು ಹೇಳಿದರು, "ಬಸಂತರಾಯರ, ಬಡಸೋರು ನಮ್ಮವರಿದ್ರ ಕಡೀ ಪಂಕ್ತಿಯಾದ್ರೇನು ಅಂತಾರ. ನಮ್ಮಾಕಿ ಇಲ್ಲದಲ್ಲೆ ಮೊದಲನೇ ಪಂಕ್ತಿ ತಗೊಂಡ ನಾ ಏನ್ ಮಾಡ್ಲಿ? ಆಕೀನ್ನ ಕರದ ದಿನಾ ಬರ್ತೀನಿ. ಆಕಿ ಹಾಕಿದಷ್ಟು ಉಂಡು ಏಳ್ತೀನಿ."

ಬಸಂತರಾಯರು "ನಿಮ್ಮ ಇಚ್ಛಾ" ಎಂದು ಹೋದರು. ಆ ವರ್ಷ ಕರೆಯಲಿಲ್ಲ, ಮುಂದೆಯೂ ಕರೆಯಲಿಲ್ಲ.

ಒಳಗಿನಿಂದ ಕಾಕು ಯಾರಿಗೂ ಅಲ್ಲ ಎಂಬಂತೆ, "ರೊಟ್ಟಿ ಆರ್ಲಿಕ್ಕತ್ತದ," ಎಂದರು. ರೂಢಿಯಂತೆ ಉತ್ತರವನ್ನು ನಾನೇ ಒಯ್ಯಬೇಕೆಂದು ರಾಯರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಕೋಲೂರಿ ಎದ್ದು ಒಳಗೆ ಹೋಗಿ ಬಾಗಿಲಲ್ಲಿ ನಿಂತು, "ನಿನ್ನ ತಾಟೂ ಹಾಕ್ಕೋ," ಎಂದರು. "ಇಬ್ಬರೂ ಒಂದೇ ಪಂಕ್ತ್ಯಾಗ ಉಣ್ಣೋಣು."

ಮದುವೆಯಾದ ಲಾಗಾಯ್ತಿನಿಂದ ಗಂಡ ಉಂಡ ಮೇಲೆಯೇ ಉಂಡ ಹೆಂಗಸು. ಕಾಕು ಅತ್ತರು. ಅಳುತ್ತಲೇ ಎರಡು ತಾಟು ಹಾಕಿದರು, ಎರಡಕ್ಕೂ ಸಮಸಮವಾಗಿ ಬಡಿಸಿದರು.