ನಕ್ಜಿಗೆ ಎಷ್ಟು ಕಾಲು

ಪ್ಯೊ ಮುನ್‌ಸುಕ್ ಹುಟ್ಟಿದ್ದು ದಕ್ಷಿಣ ಕೊರಿಯಾದ ಜುಮುಂಜಿನ್ ಬಂದರಿನಲ್ಲಿ, ಬೊಂಡಾಸ್ ಮೀನು, ಅಂದರೆ ಸ್ಕ್ವಿಡ್, ಒಣಗಿಸುವವರ ಮನೆಯಲ್ಲಿ. ಏಳು ವರ್ಷಕ್ಕೇ ಅದರ ಹೊಟ್ಟೆ ಸೀಳಿ, ಹತ್ತೂ ಕಾಲು ಬಿಡಿಸಿ, ಹಗ್ಗಕ್ಕೆ ನೇತುಹಾಕುವುದು ಅವಳಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಆ ವಾಸನೆಯಿಂದ ತಪ್ಪಿಸಿಕೊಳ್ಳಲೆಂದೇ ಓದಿದಳಂತೆ. ಓದಿ, ರಾಜಧಾನಿ ಸೋಲ್‌ನಲ್ಲಿ ನಿಘಂಟಿನ ಕೆಲಸಕ್ಕೆ ಸೇರಿ, ಮೂವತ್ತು ವರ್ಷ ಪದಗಳ ಚೀಟಿ ಬರೆದಳು. ಗಂಡ ಊಟಕ್ಕೆ ಕೂತು "ಸಾರು ಬಿಸಿ ಇದೆ" ಅಂದರೆ, "ಬಿಸಿನೋ, ಸುಡ್ತಿದೆಯೋ? ಸರಿಯಾಗಿ ಹೇಳಿ" ಅನ್ನುತ್ತಿದ್ದಳು. ಅವನು ಕ್ರಮೇಣ ಮಾತೇ ಕಡಿಮೆ ಮಾಡಿದ.

ಐವತ್ತೈದು ದಾಟಿದ ಮೇಲೆ, ಉತ್ತರದವರ ಜೊತೆ ಕೂತು ಎರಡೂ ಕೊರಿಯಾಗಳಿಗೆ ಒಂದೇ ನಿಘಂಟು ಮಾಡುವ ತಂಡಕ್ಕೆ ಅವಳನ್ನು ಹಾಕಿದರು. ದೇಶ ಒಂದಾಗುವುದು ಯಾವಾಗಲೋ, ಪದಗಳಾದರೂ ಒಂದಾಗಲಿ ಎಂಬ ಆಸೆ. ಸಭೆ ಗಡಿಯಾಚೆ, ಉತ್ತರದ ಕೇಸಾಂಗ್‌ನಲ್ಲಿ. ಪ್ರತಿ ಪದಕ್ಕೂ ಎರಡೂ ಕಡೆಯ ಸಹಿ ಬೀಳಬೇಕು. ಅವಳೆದುರಿಗೆ ಕೂತವರು ಪ್ಯೊಂಗ್ಯಾಂಗಿನ ಗಿಲ್ ಇನ್‌ಹ್ವಾನ್. ಕೋಟಿಗೆ ಹಾಕಿದ ಇಸ್ತ್ರಿಯನ್ನೇ ಮುಖಕ್ಕೂ ಹಾಕಿಕೊಂಡು ಬಂದಂತಿದ್ದರು. ಮರ್ಯಾದೆಗೆಂದು ಅಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಮೇಷ್ಟ್ರು.

ಮೊದಲ ಬೆಳಿಗ್ಗೆ ಇನ್ನೂರು ಪದ ಸರಸರ ದಾಟಿದವು. ಮಧ್ಯಾಹ್ನ 'ನಕ್ಜಿ' ಬಂತು.

"ಎಂಟು ಕಾಲಿನ ಕಡಲ ಪ್ರಾಣಿ" ಎಂದು ಮುನ್‌ಸುಕ್ ಓದಿದಳು.

"ಹತ್ತು" ಅಂದರು ಗಿಲ್.

"ಮೇಷ್ಟ್ರೇ, ಹತ್ತು ಕಾಲಿನ ಬೊಂಡಾಸ್‌ಗೆ ಒಜಿಂಗೊ ಅಂತಾರೆ. ಅದನ್ನ ಸೀಳಿ ಸೀಳಿ ನನ್ನ ಬಾಲ್ಯವೇ ಮುಗಿದುಹೋಯ್ತು."

"ನಿಮ್ಮ ಬಾಲ್ಯಕ್ಕೆ ನಾನೇನು ಮಾಡ್ಲಿ, ಮೇಷ್ಟ್ರಮ್ಮ? ನಮ್ಮಲ್ಲಿ ನಕ್ಜಿ ಅಂದ್ರೆ ಹತ್ತು ಕಾಲು. ಎರಡು ಕಾಲು ಕತ್ತರಿಸೋ ಅಧಿಕಾರ ನನಗೆ ಕೊಟ್ಟಿಲ್ಲ."

ಎರಡನೇ ದಿನವೂ ಅದೇ ಹಾಡು. ಆಚೆಯವರು ಪ್ಯೊಂಗ್ಯಾಂಗಿಗೆ ಕೇಳಿದರು, ಈಚೆಯವರು ಸೋಲ್‌ಗೆ. ಎರಡೂ ಕಡೆಯಿಂದ ಬಂದ ಉತ್ತರ ಒಂದೇ: ಪಟ್ಟು ಬಿಡಬೇಡಿ. ಎರಡು ಸರ್ಕಾರಗಳು ಎಷ್ಟೋ ತಿಂಗಳ ಮೇಲೆ ಒಪ್ಪಿದ ಏಕೈಕ ವಿಷಯ ಅದು.

ಮೂರನೇ ದಿನ ಮುನ್‌ಸುಕ್ ಎದ್ದು ನೇರ ಅಡುಗೆಮನೆಗೆ ಹೋಗಿ, "ಒಂದು ನಕ್ಜಿ ಕೊಡಮ್ಮ" ಅಂದಳು. ಅಡುಗೆಯಾಕೆ ಒಣಗಿದ್ದೊಂದನ್ನು ಸುಟ್ಟು ತಟ್ಟೆಯಲ್ಲಿ ಕೊಟ್ಟಳು. ಎಣಿಸಿದರೆ ಹತ್ತು ಕಾಲು. ಮುನ್‌ಸುಕ್ ತಟ್ಟೆಯನ್ನು ಮೇಜಿನ ನಡುವೆ ಇಟ್ಟಳು.

"ಹೆಸರು ನಿಮ್ಮದೇ ಇರ್ಲಿ, ಮೇಷ್ಟ್ರೇ. ಆದ್ರೆ ಇದನ್ನ ಸೀಳಿದವರು ಯಾರು? ಹೀಗೆ ಸೊಟ್ಟಗೆ ಸೀಳಿದ್ರೆ ನಮ್ಮಮ್ಮ ಊಟ ಹಾಕ್ತಿರ್ಲಿಲ್ಲ."

ಗಿಲ್ ಮುಖದ ಇಸ್ತ್ರಿ ಮೊದಲ ಸಲ ಮುದುಡಿತು. "ನಾನೇ. ವೊನ್ಸಾನ್ ಬಂದರಿನಲ್ಲಿ ಅತ್ತೆ ಮನೆ. ಅಲ್ಲಿಗೆ ಹೋದಾಗ ಸೀಳಿದ್ದು, ಇಲ್ಲಿ ಎಲ್ಲರಿಗೂ ಅಂತ ತಂದೆ. ಅತ್ತೇನೂ ಅವತ್ತು ಇದನ್ನೇ ಅಂದ್ರು."

ಎಲ್ಲರೂ ಒಂದೊಂದು ಕಾಲು ಕಿತ್ತುಕೊಂಡರು. ಅದನ್ನು ಅಗಿಯುತ್ತ ವಾದ ಮಾಡಲಾಗದು, ಬಾಯಿಗೆ ಬಿಡುವೇ ಇರುವುದಿಲ್ಲ. ಕಾಲು ಗಂಟೆಯ ಆ ಮೌನದಲ್ಲಿ ಗಿಲ್ ಚೀಟಿಯ ಮೇಲೆ ನಂಬರ್ ಹಾಕಿ ಎರಡು ಅರ್ಥ ಬರೆದು ಅವಳತ್ತ ನೂಕಿದರು: ದಕ್ಷಿಣದಲ್ಲಿ ಎಂಟು, ಉತ್ತರದಲ್ಲಿ ಹತ್ತು.

"ಒಂದನೇ ನಂಬರ್ ನಮಗೆ ಬಿಟ್ಟಿದ್ದೀರಲ್ಲ?" ಅಂದಳು ಅನುಮಾನದಿಂದ.

"ಮುಂದಿನ ಜಗಳದ ಪದಕ್ಕೆ ಒಂದನೇ ನಂಬರ್ ನಮ್ಮದು."

ಸಹಿ ಬಿತ್ತು. ಮುಂದಿನ ಜಗಳ ಹತ್ತು ನಿಮಿಷಕ್ಕೇ ಬಂತು.

ಹೀಗೆ ಜಗಳವಾಡುತ್ತಲೇ ಕೆಲವು ವರ್ಷ ಸಾವಿರಾರು ಪದ ದಾಟಿಸಿದರು. ಕೊನೆಯ ಸಭೆ ಮುಗಿಸಿ ಬಸ್ಸು ಹತ್ತುವಾಗ ಗಿಲ್, "ಮುಂದಿನ ಸಲಕ್ಕೆ ಚೆನ್ನಾಗಿ ತಯಾರಾಗಿ ಬನ್ನಿ, ಮೇಷ್ಟ್ರಮ್ಮ. ಸುಮ್ಮನೆ ಬಿಡೋದಿಲ್ಲ" ಎಂದಿದ್ದರು. ಅಷ್ಟರಲ್ಲಿ ಸರ್ಕಾರಗಳು ಮುನಿಸಿಕೊಂಡವು, ಸಭೆ ನಿಂತಿತು.

ಮುನ್‌ಸುಕ್ ನಿವೃತ್ತಳಾದಳು. ಆದರೂ ಆ ಮುಂದಿನ ಸಭೆಗೆಂದು ಬರೆದ ಹದಿನಾಲ್ಕು ಪುಟದ ವಾದವನ್ನು ಕಚೇರಿಗೆ ಒಪ್ಪಿಸಿಲ್ಲ.

"ಇನ್ನೆಲ್ಲಿ ಸಭೆ, ಮೇಡಂ? ಕೊಟ್ಬಿಡಿ" ಎಂದು ಕಚೇರಿಯವರು ಕೇಳಿದರೆ, "ಇರ್ರೀ, ಇನ್ನೂ ಮುಗಿದಿಲ್ಲ. ಆ ಮನುಷ್ಯ ಅಲ್ಲಿ ಇಪ್ಪತ್ತು ಪುಟ ಬರೆದಿಟ್ಟಿರ್ತಾರೆ" ಅನ್ನುತ್ತಾಳೆ. ಹೋದ ವಾರ ಹದಿನೈದನೇ ಪುಟ ಶುರುಮಾಡಿದ್ದಾಳೆ.