ಮೊಳದುದ್ದದ ಬಂದೂಕು

ಸುಮ್ಮನೆ ಕೂಡುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಮದುವೆಯಾಗಿ ಸುರಪುರಕ್ಕೆ ಬಂದ ಮೊದಲ ತಿಂಗಳಲ್ಲೇ ಗಂಡನ ಎರಕದ ಕೆಲಸದಲ್ಲಿ ಕೈ ಹಾಕಿದೆ. ಅವರು ಹಿತ್ತಾಳೆಯ ಗಂಟೆ, ದೀಪದ ಸಮೆ, ತೊಟ್ಟಿಲ ಸರಪಳಿ ಮಾಡುತ್ತಿದ್ದರು. ಮೊದಲು ಮೇಣದಲ್ಲಿ ಆಕಾರ ಮಾಡಬೇಕು. ಅದಕ್ಕೆ ಹುತ್ತದ ಮಣ್ಣು ಮೆತ್ತಿ ಒಣಗಿಸಿ, ಬೆಂಕಿಗಿಟ್ಟು ಮೇಣ ಹರಿಸಿ, ಒಳಗೆ ಉಳಿದ ಜಾಗಕ್ಕೆ ಕರಗಿದ ಹಿತ್ತಾಳೆ ಹೊಯ್ಯಬೇಕು. ಹೊಯ್ಯುವುದು ಅವರ ಕೆಲಸ, ಮೇಣದ್ದು ನನ್ನದಾಯಿತು. ಒಂದು ವರ್ಷ ಕಳೆಯುವಷ್ಟರಲ್ಲಿ ನನ್ನ ಮೇಣದ ಗಿಳಿಯ ಕಣ್ಣು ಅವರದಕ್ಕಿಂತ ಚೊಕ್ಕ ಬರುತ್ತಿತ್ತು. ಇದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ನಿಜಾಮರ ಸರಕಾರದ ಕಡೆಯ ವರ್ಷಗಳವು. ಯುದ್ಧ ಮುಗಿದಿದ್ದರೂ ಪೆಟ್ರೋಲು ಸಿಗದೆ ಬಸ್ಸು ಇನ್ನೂ ಇದ್ದಿಲಿನ ಮೇಲೆಯೇ ಓಡುತ್ತಿತ್ತು. ಊರಲ್ಲಿ ಏನೋ ಆಗಲಿದೆ ಎಂಬ ಮಾತು ದಿನಕ್ಕೊಂದು ಬಗೆಯಲ್ಲಿ ಕೇಳಿಬರುತ್ತಿತ್ತು. ಯಾರ ಮನೆಯಲ್ಲಿ ಕತ್ತಿ, ಬಂದೂಕು, ಹತಾರ ಇದೆ ಎಂದು ಪೊಲೀಸರು ಕೇಳುತ್ತಾ ತಿರುಗುತ್ತಿದ್ದರು.

ಅಂಥ ದಿನಗಳಲ್ಲಿ ಶಹಾಪುರದ ಕಚೇರಿಯ ಪೇಶಕಾರರು ನಮ್ಮ ಮನೆಗೆ ಬಂದರು. ಅವರು ಅಲ್ಲಿನ ದೊಡ್ಡ ಸಾಹೇಬರ ಕಾಗದಪತ್ರ ನೋಡುವವರು. ಸಾಹೇಬರಿಗೆ ಹಳೆಯ ಆಯುಧಗಳ ಹುಚ್ಚು. ಹೈದರಾಬಾದಿನಲ್ಲಿ ನಡೆಯುವ ಒಂದು ಪ್ರದರ್ಶನಕ್ಕೆ ಸುರಪುರದ ಸೈನಿಕರು ಹಿಡಿಯುತ್ತಿದ್ದ ಬತ್ತಿ ಬಂದೂಕಿನ ಸಣ್ಣ ಮಾದರಿ ಬೇಕಾಗಿತ್ತು.

"ಆಟಿಗಿ ಸಾಮಾನ ಬ್ಯಾಡ. ಅಸಲಿನಂಗ ಇರಬೇಕು. ಗುಂಡು ಹಾರೂದು ಬ್ಯಾಡ, ಖರೆ ಕೀಲು ಮಾತ್ರ ಹಂಗ ಆಡಬೇಕು" ಎಂದರು ಪೇಶಕಾರರು.

"ನಾವು ಗಂಟಿ ಮಾಡಾವ್ರು ಸಾಹೇಬ್ರ. ಬಂದೂಕ ನಮಗ ಗೊತ್ತಿಲ್ರಿ" ಎಂದರು ನನ್ನ ಗಂಡ.

ನಾನು ಒಳಗಿನ ಬಾಗಿಲ ಮರೆಯಲ್ಲಿ ನಿಂತಿದ್ದೆ. ನಿಂತಲ್ಲಿಂದಲೇ, "ಮಾಡತೀವ್ರಿ" ಎಂದುಬಿಟ್ಟೆ.

ಅವರು ಹೋದ ಮೇಲೆ ಗಂಡ ಕೇಳಿದರು: "ಬಂದೂಕ ಕಣ್ಣಿಲೆ ನೋಡೀಯೇನು ನೀ?"

ನೋಡಿದ್ದೆ. ಗುಡ್ಡದ ಕೆಳಗಿನ ಓಣಿಯಲ್ಲಿ ಒಬ್ಬ ವಿಧವೆ ಅಜ್ಜಿ ಇದ್ದಳು. ನಾನು ಅವಳನ್ನು ಆಯಿ ಎಂದು ಕರೆಯುತ್ತಿದ್ದೆ. ತವರು ದೂರವಾಗಿದ್ದ ನನಗೆ ತಲೆ ಬಾಚಿ ಬುದ್ಧಿ ಹೇಳುವವಳು ಅವಳೊಬ್ಬಳೇ. ಅವಳ ಮಾವನ ಕಾಲದವರೆಗೂ ಆ ಮನೆತನದವರು ಸುರಪುರದ ಅರಸರಿಗಾಗಿ ಬಂದೂಕು ಹಿಡಿದವರು. ಆ ಒಂದು ಬಂದೂಕು ಅವಳ ಅಟ್ಟದ ಮೇಲೆ, ಗೋಣಿತಟ್ಟಿನಲ್ಲಿ ಸುತ್ತಿ, ಜೋಳದ ದಂಟಿನ ಹಿಂದೆ ಇತ್ತು. ಅದಕ್ಕೆ ಸರಕಾರದ ಪರವಾನಗಿ ಇರಲಿಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಇಳಿಸಿ ಕುಂಕುಮ ಹಚ್ಚುತ್ತಿದ್ದಳು. ಆ ಹಿಂದಿನ ವರ್ಷ ನನ್ನನ್ನೂ ಕರೆದಿದ್ದಳು.

ಕೇಳಿದಾಗ ಆಯಿ ಬಹಳ ಹೊತ್ತು ಯೋಚಿಸಲಿಲ್ಲ. "ಅಳತಿ ತೊಗೊಂಡು ಹೋಗು. ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದಳು.

ಮಧ್ಯಾಹ್ನ ಬಾಗಿಲು ಹಾಕಿಕೊಂಡು ಬಂದೂಕನ್ನು ಅಂಗಳದಲ್ಲಿ ಮಲಗಿಸಿದೆವು. ಸರಿಯಾಗಿ ನಾಲ್ಕು ಮೊಳ ಉದ್ದ. ಪ್ರತಿ ಭಾಗಕ್ಕೂ ಒಂದೊಂದು ದಾರ ಹಿಡಿದು, ಆ ದಾರವನ್ನು ನಾಲ್ಕು ಮಡಿಕೆ ಮಾಡಿ ಗಂಟು ಹಾಕಿಕೊಂಡೆ. ಹಾಗೆ ಮಾಡಿದರೆ ನಾಲ್ಕು ಮೊಳದ್ದು ಒಂದು ಮೊಳಕ್ಕೆ ಇಳಿಯುತ್ತದೆ. ನಳಿಗೆ, ಮರದ ಹಿಡಿ, ಮದ್ದು ಹಾಕುವ ಪುಟ್ಟ ಬಟ್ಟಲು, ಕೊನೆಗೆ ಕುದುರೆ. ಉರಿಯುವ ಬತ್ತಿಯನ್ನು ಕಚ್ಚಿಕೊಂಡು, ಬೆರಳು ಒತ್ತಿದ ಕೂಡಲೇ ಬಟ್ಟಲಿಗೆ ಬಾಗುವ ಕೀಲಿಗೆ ಕುದುರೆ ಎನ್ನುತ್ತಾರೆ. ಹಿತ್ತಾಳೆಯ ಆ ಕುದುರೆ ಒಮ್ಮೆ ಕುತ್ತಿಗೆಯ ಹತ್ತಿರ ಮುರಿದಿತ್ತು. ಅದನ್ನು ಒಂದು ತಾಮ್ರದ ಮೊಳೆ ಬಡಿದು ಕೂಡಿಸಲಾಗಿತ್ತು.

"ಅದು ನಮ್ಮ ಮನಿಯವರು ಕೂಡಿಸಿದ್ದು" ಎಂದಳು ಆಯಿ. ತೀರಿಹೋದ ತನ್ನ ಗಂಡನನ್ನು ಅವಳು ಹಾಗೆ ಕರೆಯುತ್ತಿದ್ದಳು.

ಮುಂದೆ ಒಂದೂವರೆ ತಿಂಗಳು ನನಗೆ ಬೇರೆ ಲೋಕವಿರಲಿಲ್ಲ. ಹಳೆಯ ತೊಟ್ಟಿಲ ಕಾಲನ್ನು ಕೆತ್ತಿ ಗಂಡ ಮರದ ಹಿಡಿ ಮಾಡಿದರು. ನಳಿಗೆಯನ್ನು ಗಟ್ಟಿಯಾಗಿಯೇ ಎರಕ ಹೊಯ್ದು, ಬಾಯಿಯನ್ನಷ್ಟೇ ಕೊರೆದರು. ಕುದುರೆ ನನ್ನದು. ಕಡಲೆಕಾಯಿ ಗಾತ್ರದ ಆ ಚೂರನ್ನು ಮೂರು ಸಲ ಕರಗಿಸಿ ಮತ್ತೆ ಮಾಡಿದೆ. ರೊಟ್ಟಿ ಬಡಿಯುವಾಗಲೂ ಅದರ ಕುತ್ತಿಗೆಯ ಬಾಗು ಕಣ್ಣೆದುರು ಬರುತ್ತಿತ್ತು. ಕೊನೆಗೆ ಒಡೆದ ಹಂಡೆಯ ತಾಮ್ರದಿಂದ ಎಳ್ಳಿನಷ್ಟು ಮೊಳೆ ಮಾಡಿ ಅದಕ್ಕೂ ಬಡಿದೆ. ಬೇಕಾಗಿರಲಿಲ್ಲ. ನನ್ನದು ಮುರಿದಿರಲೇ ಇಲ್ಲ. ಕಂಡದ್ದನ್ನು ಕಂಡ ಹಾಗೆ ಮಾಡಬಲ್ಲೆ ಎಂಬ ಸೊಕ್ಕು.

ಬಿಡಿ ಭಾಗಗಳನ್ನು ಹತ್ತಿಯಲ್ಲಿ ಸುತ್ತಿಕೊಂಡು ಇಬ್ಬರೂ ಶಹಾಪುರಕ್ಕೆ ಹೋದೆವು. ಕೂಡಿಸುವುದು ನನಗಷ್ಟೇ ಬರುತ್ತಿದ್ದರಿಂದ ಕಚೇರಿಯ ಪಡಸಾಲೆಯಲ್ಲಿ ಸಾಹೇಬರ ಎದುರೇ ಕೂತು ಕೂಡಿಸಿದೆ. ಬಿಳಿ ಗಡ್ಡದ, ಮೆಲ್ಲಗೆ ಮಾತಾಡುವ ಮನುಷ್ಯ. ಬೆರಳ ತುದಿಯಿಂದ ಕೀಲು ಒತ್ತಿದರು, ಕುದುರೆ ಬಟ್ಟಲಿಗೆ ಬಾಗಿತು. ಮಗುವಿನ ಹಾಗೆ ನಕ್ಕರು. ಆಮೇಲೆ ಭೂತಗನ್ನಡಿ ತರಿಸಿದರು. ನೋಡುತ್ತಾ ನೋಡುತ್ತಾ ನಗು ನಿಂತಿತು. ಪೇಶಕಾರರಿಗೆ ಉರ್ದುವಿನಲ್ಲಿ ಏನೋ ಹೇಳಿದರು.

ಪೇಶಕಾರರು ನಮ್ಮ ಕಡೆ ತಿರುಗಿದರು. "ಸಾಹೇಬ್ರು ಕೇಳಾಕತ್ತಾರ. ಮನಸಿನಾಗಿಂದ ಮಾಡಾವ್ರು ಯಾರೂ ಮುರಿದದ್ದು ಮಾಡಂಗಿಲ್ಲ. ಇದು ನೋಡಿ ಮಾಡಿದ್ದು. ಆ ಬಂದೂಕ ಎಲ್ಲೈತಿ?"

ನನ್ನ ಗಂಡ ಕೈಮುಗಿದರು. "ಹಳೀ ಚಿತ್ರ ನೋಡಿ ಮಾಡೀವ್ರಿ" ಎಂದರು.

"ಹಂಗಾರ ಆ ಚಿತ್ರ ತರ್ರಿ. ಇಲ್ಲಾ ಬಂದೂಕ ತರ್ರಿ. ಎಂಟು ದಿನ ಟೈಮು. ತಾವಾಗೇ ತಂದು ಒಪ್ಪಿಸಿದರ ಯಾರಿಗೂ ಏನೂ ಮಾಡಂಗಿಲ್ಲ. ಇಲ್ಲಂದರ ಪೊಲೀಸ ಅಮೀನರು ಮನಿ ಮನಿ ಹುಡುಕತಾರ."

ಎಂಟು ದಿನಗಳಲ್ಲಿ ಎರಡು ದಿನ ನಾನು ಆಯಿಯ ಓಣಿಯ ತಿರುವಿನವರೆಗೆ ಹೋಗಿ ಹಿಂದಿರುಗಿದೆ. ಒಮ್ಮೆ ನೀರಿನ ಕೊಡ ಹಿಡಿದು, ಒಮ್ಮೆ ಬರಿಗೈಯಲ್ಲಿ. ಮನೆಯಲ್ಲಿ ನಿಂತರೆ ಕೂಡಬೇಕೆನಿಸುತ್ತಿತ್ತು, ಕೂತರೆ ಏಳಬೇಕೆನಿಸುತ್ತಿತ್ತು. ಬೀದಿಯಲ್ಲಿ ಬೂಟಿನ ಸದ್ದಾದರೆ ಕೈಯಲ್ಲಿದ್ದ ಮೇಣ ಹಿಸುಕಿಹೋಗುತ್ತಿತ್ತು. "ಯಾರರ ಚಿತ್ರಗಾರರ ಕಡಿಂದ ಹಳೀದರಂಗ ಒಂದು ಚಿತ್ರ ಬರಸೋಣು" ಎಂದರು ಗಂಡ. ಎಂಟು ದಿನದಲ್ಲಿ ಯಾವ ಚಿತ್ರ ಹಳೆಯದಾದೀತು?

ಮೂರನೆಯ ದಿನ ಹೋಗಿ ಆಯಿಗೆ ಎಲ್ಲ ಹೇಳಿದೆ.

ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು. "ಆ ಮೊಳಿ ನೀ ಯಾಕ ಬಡದಿ?"

"ಇತ್ತಂತ ಬಡದೆ, ಆಯಿ."

ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಕೆಳಗೆ ಬಿದ್ದ ಕಾಳು ಆರಿಸಿ ಮೊರಕ್ಕೆ ಹಾಕುತ್ತಾ, "ಬಂದೂಕ ನಮ್ಮ ಮಾವಂದು. ಹೋದರ ಹೋಗಲಿ. ಸತ್ತ ಮ್ಯಾಲ ಯಾರು ನೋಡತಾರ ಅದನ್ನ. ಖರೆ ಆ ಕುದುರಿ ಕೊಡಂಗಿಲ್ಲ ನಾ. ನಮ್ಮ ಮನಿಯವರ ಕೈಯಾಗಿನ ಕೆಲಸ ನನ್ನ ಹಂತೇಲಿ ಅದೊಂದ ಉಳದದ" ಎಂದಳು.

ಕುದುರೆ ಇಲ್ಲದ ಬಂದೂಕನ್ನು ಸಾಹೇಬರು ಒಪ್ಪುವಂತಿರಲಿಲ್ಲ. ಅವರು ಹಿಡಿದದ್ದೇ ಆ ಮೊಳೆಯ ಗುರುತು. ಹಾಗಾದರೆ ಇನ್ನೊಂದು ಕುದುರೆ, ಈ ಸಲ ಪೂರಾ ಅಳತೆಯದು, ನಾನೇ ಮಾಡಿಕೊಡುತ್ತೇನೆ ಎಂದೆ. ಅಸಲಿ ಆಯಿಯ ಹತ್ತಿರ ಉಳಿಯಲಿ, ನನ್ನದು ಸರಕಾರಕ್ಕೆ ಹೋಗಲಿ. ಆಯಿ ಒಪ್ಪಿದಳು. ಗಂಡನಿಗೆ ಹೇಳಿದಾಗ, "ಸರಕಾರಕ್ಕ ನಕಲಿ ಕೊಡತೀಯೇನು, ಹುಚ್ಚಿ?" ಎಂದರು. ಆದರೂ ಹಿತ್ತಾಳೆ ಕರಗಿಸುವ ಮೂಸೆ ಒಲೆಗೇರಿಸಿದರು.

ಅಸಲಿಯನ್ನು ಎದುರಿಗಿಟ್ಟುಕೊಂಡು, ದಾರದಿಂದ ಅಳೆದು ಮೇಣ ತಿದ್ದಿದೆ. ಎರಕವಾದ ಮೇಲೆ ಅರದಿಂದ ಉಜ್ಜಿ, ತಾಮ್ರದ ಮೊಳೆ ಬಡಿದು, ಹುಣಸೆಹುಳಿ ಉಪ್ಪು ಹಚ್ಚಿ ಎರಡು ದಿನ ತಿಪ್ಪೆಯಲ್ಲಿ ಹೂತಿಟ್ಟೆ. ತೆಗೆದು ಒಲೆಯ ಹೊಗೆ ಕುಡಿಸಿ, ಎಣ್ಣೆ ಸವರಿದೆ. ಎರಡನ್ನೂ ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರ ಹಾಗಿದ್ದವು. ಗುರುತಿಗೆಂದು ಗೀರು ಹಾಕಲಿಲ್ಲ. ಭೂತಗನ್ನಡಿಗೆ ಸಿಕ್ಕೀತೆಂಬ ಹೆದರಿಕೆ.

ಎಂಟನೆಯ ದಿನ ಬೆಳಗ್ಗೆ ಆಯಿಯ ಅಂಗಳದಲ್ಲಿ ಬಂದೂಕು ಬಿಚ್ಚಿ, ಎರಡೂ ಕುದುರೆಗಳನ್ನು ಮಡಿಲಲ್ಲಿಟ್ಟುಕೊಂಡಿದ್ದೆ. ಆಯಿ ಸುತ್ತುವುದಕ್ಕೆ ಬಟ್ಟೆ ತರಲು ಒಳಗೆ ಹೋಗಿದ್ದಳು. ಗಂಡ ಹೊರಗಿನಿಂದ ಬಾಗಿಲು ಬಡಿದರು: "ಲಗೂ ಬಾ, ಬಸ್ಸು ಬಿಡತದ!" ಗಡಬಡಿಸಿ ಕೈಗೆ ಸಿಕ್ಕ ಒಂದನ್ನು ಬಂದೂಕಿಗೆ ಹಾಕಿ ಬಿಗಿದೆ. ಇನ್ನೊಂದನ್ನು ಬಟ್ಟೆ ತಂದ ಆಯಿಯ ಕೈಗಿಟ್ಟು, ಬಂದೂಕು ಸುತ್ತಿಕೊಂಡು ಓಡಿದೆ.

ಶಹಾಪುರದಲ್ಲಿ ಸಾಹೇಬರು ದೊಡ್ಡದನ್ನೂ ಸಣ್ಣದನ್ನೂ ಮೇಜಿನ ಮೇಲೆ ಅಕ್ಕಪಕ್ಕ ಮಲಗಿಸಿದರು. ಬಹಳ ಖುಷಿಪಟ್ಟರು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ತಾವೇ ಹೈದರಾಬಾದಿಗೆ ಒಯ್ಯುವುದಾಗಿ, ನಾಡಿದ್ದು ಯಾದಗಿರಿಯಲ್ಲಿ ರೈಲು ಹತ್ತುವುದಾಗಿ ಹೇಳಿದರು. ನನ್ನ ಗಂಡನ ಕೆಲಸವನ್ನು ಮೆಚ್ಚಿ ಒಂದು ಪ್ರಶಂಸಾಪತ್ರ ಕೊಡುವುದಾಗಿಯೂ, ರುಜು ಮೊಹರು ಆಗಿ ಆಮೇಲೆ ಬರುವುದೆಂದೂ ಪೇಶಕಾರರು ತಿಳಿಸಿದರು. ಅದನ್ನು ಯಾವ ಗೋಡೆಗೆ ಹಾಕಬೇಕೆಂದು ಗಂಡ ಬಸ್ಸಿನುದ್ದಕ್ಕೂ ಹೇಳುತ್ತಾ ಬಂದರು.

ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಬಂದೂಕಿಗೆ ಹಾಕಿದ್ದು ಎಡಮಡಿಲಿನದೋ ಬಲಮಡಿಲಿನದೋ? ಎಡಗಡೆ ಯಾವುದಿತ್ತು?

ಮರುದಿನ ಬೆಳಗಾಗುತ್ತಲೇ ಆಯಿಯ ಮನೆಗೆ ಹೋದೆ. ನನ್ನ ಅನುಮಾನ ಹೇಳುವ ಮೊದಲೇ ಅವಳು ಕುದುರೆಯನ್ನು ನನ್ನ ಮುಂದೆ ಹಿಡಿದಳು.

"ಇದು ನಿಂದು. ನಮ್ಮ ಮನಿಯವರು ಕುದುರಿ ಹಿಂದಕ್ಕ ಎಳೆಯೂ ಜಾಗದಾಗ ಹೆಬ್ಬೆರಳಿಲೆ ಸವೆದು ತಗ್ಗಾಗಿತ್ತು. ನನ್ನ ಹೆಬ್ಬೆರಳು ಅದರಾಗ ಕೂಡತಿತ್ತು. ಇದರಾಗ ಕೂಡವಲ್ದು."

ದಾರಕ್ಕೆ ಉದ್ದ ಅಗಲ ಸಿಕ್ಕಿತ್ತು. ಸವಕಳಿ ಸಿಕ್ಕಿರಲಿಲ್ಲ.

"ಯಾದಗಿರಿಗೆ ಹೋಗಮು" ಎಂದೆ. ಮಾರನೆಯ ದಿನ ನಸುಕಿನಲ್ಲಿ ಹೊರಡುವಾಗ ಗಂಡ ನಮ್ಮ ಮನೆಯ ಬಾಗಿಲಿಗೆ ಅಡ್ಡ ನಿಂತರು. "ನೀ ಹೋಗಿ ಬಾಯಿ ಬಿಟ್ಟರ ನಾ ಜೇಲಿಗೆ ಹೋಗೂದು ಖರೆ." ಅವರ ಮಾತು ಸುಳ್ಳಲ್ಲ. ನಾನು ಅವರ ಮುಖ ನೋಡದೆ ಪಕ್ಕದಿಂದ ನುಸುಳಿ ಹೋದೆ. ಅದಕ್ಕಾಗಿ ಈಗಲೂ ನನಗೆ ಹೆಮ್ಮೆಯಿಲ್ಲ.

ಸಾಹೇಬರು ಹೊರಡುವ ದಿನದ ಮೊದಲ ಬಸ್ಸಿನಲ್ಲಿ ನಾವಿಬ್ಬರು ಹೆಂಗಸರು. ಬಸ್ಸು ಏರು ಬಂದಲ್ಲೆಲ್ಲ ನಿಂತು ಉಸಿರು ಬಿಡುತ್ತಿತ್ತು. ಭೀಮೆ ದಾಟುವಲ್ಲಿ ತಡವಾಯಿತು. ಆಯಿ ಕಣ್ಣುಮುಚ್ಚಿ ಕೂತಿದ್ದಳು. ನಾನು ಸೆರಗಿನ ಗಂಟಿನಲ್ಲಿದ್ದ ನಕಲಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಯಾದಗಿರಿಯ ಸ್ಟೇಶನ್ನು ಮುಟ್ಟುವಾಗ ರೈಲು ಇನ್ನೂ ಬಂದಿರಲಿಲ್ಲ. ಮೊಳೆ ಹೊಡೆದ ಉದ್ದನೆಯ ಪೆಟ್ಟಿಗೆ ಬೆಂಚಿನ ಪಕ್ಕದಲ್ಲಿತ್ತು. ಸಾಹೇಬರು ಚಹಾ ಕುಡಿಯುತ್ತಿದ್ದರು.

ಪೇಶಕಾರರು ನಮ್ಮನ್ನು ತಡೆದರು. ಆಯಿ ಅವರನ್ನು ದಾಟಿ ನೇರ ಸಾಹೇಬರ ಮುಂದೆ ನಿಂತಳು.

"ಸಾಹೇಬ್ರ, ಬಂದೂಕ ಸರಕಾರದ್ದಾಗಲಿ. ಖರೆ ಆ ಕುದುರಿ ನನ್ನ ಗಂಡ ಕೂಡಿಸಿದ್ದು. ಅದನ್ನ ಕೊಡ್ರಿ. ಅದರ ಜೋಡಿ ಈಕಿ ಮಾಡ್ಯಾಳ, ಇದನ್ನ ಹಾಕ್ಕೋರ್ರಿ."

ಪೇಶಕಾರರು ತರ್ಜುಮೆ ಮಾಡುವಾಗ ನಾನು ಸೆರಗು ಬಿಚ್ಚಿ ನಕಲಿಯನ್ನು ಮುಂದಿಟ್ಟೆ. ನಿಮಗೆ ಕೊಡಬೇಕಾಗಿದ್ದದ್ದು ಇದು, ಅವಸರದಲ್ಲಿ ಅದಲುಬದಲಾಯಿತು ಎಂದು ಪೂರಾ ಹೇಳಿದೆ. ಸಾಹೇಬರು ಚಹಾದ ಕಪ್ಪು ಬೆಂಚಿನ ಮೇಲಿಟ್ಟರು. ಆಮೇಲೆ ಕೂಲಿಯವನಿಗೆ ಪೆಟ್ಟಿಗೆ ತೆಗೆಯಲು ಹೇಳಿದರು.

ಬಂದೂಕಿನಿಂದ ಕುದುರೆ ಬಿಚ್ಚಿಕೊಟ್ಟೆ. ಅವರು ಎರಡನ್ನೂ ಅಂಗೈಯಲ್ಲಿಟ್ಟು ಆಡಿಸಿದರು, ತಿರುಗಿಸಿದರು. ಗುರುತು ಹತ್ತಲಿಲ್ಲ. ಕೊನೆಗೆ ಎರಡನ್ನೂ ಆಯಿಯ ಮುಂದೆ ಚಾಚಿದರು. ಅವಳು ಒಂದರ ಮೇಲೆ ಹೆಬ್ಬೆರಳಿಟ್ಟಳು. ಸಾಹೇಬರೂ ಅದೇ ಜಾಗಕ್ಕೆ ತಮ್ಮ ಹೆಬ್ಬೆರಳಿಟ್ಟು ನೋಡಿ, ಆ ಕುದುರೆಯನ್ನು ಅವಳಿಗೆ ಕೊಟ್ಟರು.

ಆಮೇಲೆ ಕಾಗದದ ಕಟ್ಟಿನಿಂದ ಒಂದು ಹಾಳೆ ತೆಗೆಸಿ, ಎರಡು ತುಂಡು ಮಾಡಿ, ಬೆಂಚಿನ ಮೇಲಿಟ್ಟರು. ಗಂಡನ ಪ್ರಶಂಸಾಪತ್ರ. "ಸರಕಾರಕ್ಕ ಮೋಸ ಮಾಡಾಕ ಬಂದವರಿಗೆ ಇದು ಹೆಂಗ ಕೊಡೂದಂತಾರ. ಜೇಲಿಗೆ ಕಳಸಂಗಿಲ್ಲ, ಮನಿಗೆ ಹೋಗ್ರಿ" ಎಂದರು ಪೇಶಕಾರರು. ರೈಲು ಬರುವ ಗದ್ದಲದಲ್ಲಿ ನನ್ನ ಕುದುರೆಯನ್ನು ಬಂದೂಕಿಗೆ ಬಿಗಿದು ಕೊಟ್ಟು ಹಿಂದೆ ಸರಿದೆ.

ಬಂದೂಕಾಗಲಿ ಅದರ ಮಾದರಿಯಾಗಲಿ ಮತ್ತೆ ನಮ್ಮ ಕಣ್ಣಿಗೆ ಬೀಳಲಿಲ್ಲ. ಸರಕಾರ ಬದಲಾದ ಮೇಲೆ ಒಮ್ಮೆ ವಿಚಾರಿಸಿದೆವು. ಯಾರಿಗೂ ಗೊತ್ತಿರಲಿಲ್ಲ. ಆಯಿ ಆ ಕುದುರೆಯನ್ನು ಎಲೆಅಡಿಕೆಯ ಚೀಲದಲ್ಲಿಟ್ಟುಕೊಂಡಿದ್ದಳು. ನನ್ನ ತಲೆ ಬಾಚುವುದನ್ನು ಬಿಡಲಿಲ್ಲ. ಆದರೆ ಅಟ್ಟದ ಮೇಲಿನದೇನನ್ನೂ ನನಗೆ ಮತ್ತೆ ತೋರಿಸಲಿಲ್ಲ.

ಗಂಡ ಎಂಟು ಹತ್ತು ದಿನ ಮಾತು ಬಿಟ್ಟರು. ರೊಟ್ಟಿ ಹಾಕಿದರೆ ಉಣ್ಣುತ್ತಿದ್ದರು, ಮೇಣ ಕೊಟ್ಟರೆ ಮಣ್ಣು ಮೆತ್ತುತ್ತಿದ್ದರು. ಒಂದು ದಿನ ಶಿರವಾಳದ ಗುಡಿಯೊಂದಕ್ಕೆ ಗಂಟೆ ಮಾಡುತ್ತಿದ್ದಾಗ, ನನ್ನ ಕಡೆ ನೋಡದೆ ಕೇಳಿದರು:

"ಅಸಲಿ ಮುಂದಿಟ್ಟುಕೊಂಡು ಮಾಡಿದಿ. ಆ ತಗ್ಗು ನಿನಗ ಕಾಣಲಿಲ್ಲೇನು?"

"ಕಾಣಲಿಲ್ರಿ."

"ಕಣ್ಣಿಗೆ ಕಾಣಂಗಿಲ್ಲ ಅದು. ಕೈಲೆ ಮುಟ್ಟಿ ನೋಡಬೇಕಿತ್ತು" ಎಂದು, ಮೂಸೆಗೆ ಗಾಳಿ ಹಾಕಲು ತಿರುಗಿದರು.